ಸದ್ದು ಕೇಳಿ ಮೀನು ಎಣಿಸಲು ಆಗುತ್ತದೆಯೇ?

ನೀರೊಳಗೆ ಮೈಕ್ ಇಳಿಸಿ, ಮೊಟ್ಟೆಯಿಡಲು ಸೇರಿದ ಮೀನುಗಳನ್ನು ಲೆಕ್ಕ ಹಾಕುತ್ತಾರಂತೆ, ನಿಜವಾ ಎಂದು ಕೇಳಿದ್ದೀರಿ. ಮೀನು ಎಲ್ಲಿ ಸೇರಿದೆ, ಯಾವಾಗ ಸೇರಿತು ಎಂದು ತಿಳಿಯಲು ಮೈಕ್ ಒಂದೇ ಸಾಕು. ಎಷ್ಟಿದೆ ಎಂದು ಹೇಳಬೇಕಾದರೆ ಜೊತೆಗೆ ಇನ್ನೊಂದು ಅಳತೆ ಬೇಕು.

ಮೀನುಗಾರಿಕೆ ಓದಿದ ನನಗೆ ಬಹಳ ಹಿಡಿಸಿದ ಉದಾಹರಣೆ ಮೆಕ್ಸಿಕೋದ ಗಲ್ಫ್ ಕೊರ್ವಿನಾ. ನಮ್ಮ ಕರಾವಳಿಯ ಕಲ್ಲೂರು ಮೀನಿನ ಬಳಗದ್ದೇ. ಕ್ಯಾಲಿಫೋರ್ನಿಯಾ ಕೊಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅಮಾವಾಸ್ಯೆ, ಹುಣ್ಣಿಮೆಗಳಿಗೆ ಮುಂಚಿನ ದಿನಗಳಲ್ಲಿ ಇವು ಕೊಲರಾಡೋ ನದಿಯ ಅಳಿವೆಯಲ್ಲಿ ಲಕ್ಷಗಟ್ಟಲೆ ಸೇರಿ, ನೀರು ಇಳಿಯುವ ಹೊತ್ತಿಗೆ ಮೊಟ್ಟೆಯಿಡುತ್ತವೆ. ಗಂಡುಗಳು ಗಾಳಿಚೀಲದ ಪಕ್ಕದ ಸ್ನಾಯುಗಳನ್ನು ಸರಸರನೆ ಅದುರಿಸಿ ಸದ್ದು ಮಾಡುತ್ತವೆ. ಎಂಜಿನ್ ನಿಲ್ಲಿಸಿದರೆ ದೋಣಿಯಲ್ಲಿ ಕೂತವರಿಗೂ ಕೇಳುತ್ತದೆ. ಅಲ್ಲಿನ ಮೀನುಗಾರರು ಬಲೆ ಬಿಡುವ ಜಾಗ ಗೊತ್ತುಮಾಡಿಕೊಳ್ಳುವುದೂ ಹೀಗೆಯೇ. ವಿಜ್ಞಾನಿಗಳು ತಡವಾಗಿ ಬಂದವರು ಅನ್ನಿ.

ನೀರು ಅಲ್ಲಿ ಕೆಸರುಮಯ, ಮುಳುಗಿ ನೋಡಿ ಎಣಿಸುವ ಮಾತೇ ಇಲ್ಲ. ಹಾಗಾಗಿ 2014ರಲ್ಲಿ ತಿಮೊಥಿ ರೋವೆಲ್, ಬ್ರ್ಯಾಡ್ ಎರಿಸ್ಮನ್ ಮೊದಲಾದ ವಿಜ್ಞಾನಿಗಳು ಒಂದೇ ಜಾಗದಲ್ಲಿ ಎರಡು ಕೆಲಸ ಮಾಡಿದರು: ಹೈಡ್ರೋಫೋನ್ (ನೀರೊಳಗಿನ ಮೈಕ್) ಇಳಿಸಿ ಸದ್ದು ಅಳೆದರು, ಸೋನಾರ್ (ಸದ್ದಿನ ಅಲೆ ಕಳಿಸಿ ಮರುದನಿ ಹಿಡಿಯುವ ಸಾಧನ) ಬಿಟ್ಟು ಮೀನಿನ ದಟ್ಟಣೆ ಅಳೆದರು. ಎರಡನ್ನೂ ಹೋಲಿಸಿದಾಗ ದಟ್ಟಣೆ ಹೆಚ್ಚಿದಲ್ಲಿ ಸದ್ದೂ ಹೆಚ್ಚಿತ್ತು. ಆ ಸಂಬಂಧ ಒಮ್ಮೆ ಸಿಕ್ಕರೆ ಮುಂದೆ ಸದ್ದಿನಿಂದಲೇ ಅಂದಾಜು ಕಟ್ಟಬಹುದು. 2017ರಲ್ಲಿ ಅವರು ಪ್ರಕಟಿಸಿದ ಲೆಕ್ಕದ ಪ್ರಕಾರ ಸುಮಾರು 15 ಲಕ್ಷ ಮೀನು ಸೇರಿದ್ದವು, ಒಟ್ಟು ಗದ್ದಲ 202 ಡೆಸಿಬೆಲ್‌ವರೆಗೆ ಹೋಗಿತ್ತು. (ನೀರಿನ ಡೆಸಿಬೆಲ್ಲಿಗೆ ಆಧಾರವೇ ಬೇರೆ. ರಸ್ತೆಯ ಹಾರ್ನಿನ ಅಂಕಿಯ ಜೊತೆ ನೇರವಾಗಿ ಹೋಲಿಸಬೇಡಿ.) ಆದರೂ, ಇವನ್ನು ತಿನ್ನಲು ಬರುವ ಸಮುದ್ರ ಸಿಂಹ, ಡಾಲ್ಫಿನ್‌ಗಳ ಕಿವಿಗೆ ಪೆಟ್ಟಾಗುವಷ್ಟು ಜೋರು ಎಂದು ಅವರ ಅಂದಾಜು.

ಇದೇ ಸೂತ್ರ ಎಲ್ಲ ಮೀನಿಗೂ ಹೊಂದುತ್ತದೆ ಅಂದುಕೊಳ್ಳಬೇಡಿ. ಕೊರ್ವಿನಾದಲ್ಲಿ ಕೂಗುವುದು ಗಂಡು ಮಾತ್ರ. ಹೆಣ್ಣೆಷ್ಟು ಎಂಬುದಕ್ಕೆ ಬಲೆಗೆ ಬಿದ್ದ ಮೀನನ್ನೇ ನೋಡಬೇಕು. ಮ್ಯಾಸಚೂಸೆಟ್ಸ್ ಕೊಲ್ಲಿಯ ಕಾಡ್ ಮೀನು ಸಣ್ಣಗೆ ಗುರುಗುಟ್ಟುತ್ತದೆ, ಹಡಗು ಹಾದರೆ ಅದೂ ಮುಚ್ಚಿಹೋಗುತ್ತದೆ. ಪೋರ್ಟೊ ರಿಕೋದಲ್ಲಿ ರೆಡ್ ಹೈಂಡ್ ಎಂಬ ಗ್ರೂಪರ್ ಮೀನಿನ ಕೂಗು 100ರಿಂದ 200 ಹರ್ಟ್ಸ್ ಆಸುಪಾಸಿನ ತಗ್ಗು ದನಿ. ಅದನ್ನು ಆಲಿಸಿ ಮೊಟ್ಟೆಯಿಡುವ ದಿನಗಳನ್ನು ಗುರುತಿಸುತ್ತಾರೆ. ನನ್ನ ಪ್ರಕಾರ ಈ ವಿಧಾನದ ದೊಡ್ಡ ಉಪಯೋಗವೂ ಅದೇ. ಯಾವ ವಾರ, ಯಾವ ಜಾಗದಲ್ಲಿ ಮೀನುಗಾರಿಕೆ ನಿಲ್ಲಿಸಬೇಕು ಎಂದು ನಿರ್ಧರಿಸಲು ತಲೆ ಎಣಿಕೆ ಬೇಕಾಗಿಲ್ಲ, ಕೂಗು ಶುರುವಾದ ದಿನ ಗೊತ್ತಾದರೆ ಸಾಕು.