ಆಸ್ಪತ್ರೆಯವ್ರಿಗೆ ಮನುಷ್ಯತ್ವ ಹೋಯ್ತಾ ಅಂತ ಕೇಳುವವ್ರಿಗೆ

ಪ್ರಶ್ನೆ: 2020ರಲ್ಲಿ ಅಮ್ಮ ಕೋವಿಡ್ ವಾರ್ಡಲ್ಲಿದ್ರು. ಸಿಸ್ಟರ್‌ಗಳು ಹತ್ರ ಬರ್ಲಿಲ್ಲ, ಮಾತಾಡ್ಲಿಲ್ಲ ಅಂತ ಈಗ್ಲೂ ಯಾವ ಆಸ್ಪತ್ರೆಗೂ ಬರ್ಲಿಕ್ಕೆ ಒಪ್ಪುದಿಲ್ಲ. ಕೊರೋನಾ ನಂತ್ರ ನಿಮ್ಗೆಲ್ಲ ಮನುಷ್ಯತ್ವ ಹೋಯ್ತಾ? (ಬದಿಯಡ್ಕ)

ಉತ್ತರ: ಹೋಗ್ಲಿಲ್ಲ. ಇದನ್ನೇ ಎಷ್ಟು ಜನ ಕೇಳುದು ಮಾರಾಯ್ರೆ, ಇವತ್ತು ಪೂರ್ತಿ ಹೇಳಿಬಿಡ್ತೇನೆ. ಪಿಪಿಇ ಕಿಟ್ ಹಾಕಿದ್ರೆ ಬೆವರು ಕಾಲಿನ ಕವರಿಗೆ ಇಳೀತಿತ್ತು, ಕನ್ನಡಕ ಮಂಜಾಗ್ತಿತ್ತು, ಬಾತ್‌ರೂಮಿಗೆ ಹೋದ್ರೆ ಕಿಟ್ಟೇ ಬಿಸಾಡ್ಬೇಕು ಅಂತ ನೀರು ಸಹ ಕುಡೀತಿರ್ಲಿಲ್ಲ, ಹಾಗೆ ಒಳಗೆ ಹೋದವ್ರು ಇಂಜೆಕ್ಷನ್, ಬಿಪಿ, ಊಟ ಎಲ್ಲ ಒಂದೇ ಸುತ್ತಲ್ಲಿ ಮುಗಿಸ್ತಿದ್ರು. ಕೂತು ಮಾತಾಡ್ಲಿಕ್ಕೆ ಆಗ್ತಿರ್ಲಿಲ್ಲ, ಅದು ನಿಜ.

ಆದ್ರೆ ನಮ್ಮ ಕಾಸರಗೋಡಲ್ಲಿ ಇನ್ನೊಂದು ಉಂಟು, ಅದನ್ನು ಯಾರೂ ಹೇಳುದಿಲ್ಲ. ಸಿಸ್ಟರ್ ಕೇರಳದ ತೆಂಕಣ ಜಿಲ್ಲೆಯವ್ರು, ಮಲಯಾಳ ಮಾತ್ರ. ಪೇಷೆಂಟ್‌ಗೆ ಕನ್ನಡ, ತುಳು ಮಾತ್ರ. ಬೇರೆ ದಿನ ಆದ್ರೆ ಮುಖ ನೋಡಿ ಅಂದಾಜು ಮಾಡ್ಬಹುದು. ಮಾಸ್ಕಿನ ಮೇಲೆ ಶೀಲ್ಡ್ ಇದ್ರೆ ನೋಡುದು ಎಂತದನ್ನು? ನನ್ನ ವಾರ್ಡಲ್ಲಿ ಒಬ್ರು ಅಜ್ಜಿಯ ಹತ್ರ ಸಿಸ್ಟರ್ "ಶ್ವಾಸಂ ಮುಟ್ಟುಂಡೋ" ಅಂತ ಕೇಳಿದ್ರು, ಉಸಿರು ಕಟ್ತದಾ ಅಂತ. ಅಜ್ಜಿಗೆ ಕೇಳಿದ್ದು "ಮುಟ್ಟು" ಒಂದೇ. ತನ್ನನ್ನು ಮುಟ್ಬಾರ್ದು ಅಂತ ಹೇಳ್ತಿದ್ದಾರೆ ಅಂದ್ಕೊಂಡು ಕೈಯನ್ನು ಹೊದಿಕೆ ಒಳಗೆ ಎಳ್ಕೊಂಡ್ರು, ಎರಡು ದಿನ ಯಾರ ಹತ್ರವೂ ಮಾತಾಡ್ಲಿಲ್ಲ. ಗೊತ್ತಾದ್ಮೇಲೆ ಆ ಸಿಸ್ಟರ್ ಹತ್ತು ಕನ್ನಡ ಮಾತು ಕೈಯಲ್ಲಿ ಬರ್ಕೊಂಡು ಕಲಿತ್ರು, ಕಿಟ್ಟಿನ ಎದೆ ಮೇಲೆ ಮಾರ್ಕರಲ್ಲಿ ಕನ್ನಡದಲ್ಲಿ ಹೆಸರು ಬರೆಸ್ಕೊಂಡ್ರು. ನಿಮ್ಮ ಅಮ್ಮನಿಗೂ ಹೀಗೇ ಎಂತಾದ್ರೂ ಆಗಿರ್ಬಹುದು, ಒಮ್ಮೆ ಬಿಡಿಸಿ ಕೇಳಿ.

ಅದ್ರ ಮೇಲೆ 2020ರ ಮಾರ್ಚಲ್ಲಿ ಕೇರಳ-ಕರ್ನಾಟಕದ ಮಧ್ಯ ಇರುವ ತಲಪಾಡಿ ಗಡಿ ಮುಚ್ಚಿತು. ಗಡಿಯ ಈಚೆ ಇರುವ ಮಂಜೇಶ್ವರದವ್ರಿಗೆ ಆಸ್ಪತ್ರೆ ಅಂದ್ರೆ ಮಂಗಳೂರು, ವರ್ಷಗಟ್ಟಲೆ ತೋರಿಸಿದ ಡಾಕ್ಟ್ರು ಒಂದೇ ದಿನಕ್ಕೆ ಸಿಗದ ಹಾಗಾಯ್ತು. ಏಪ್ರಿಲ್ 1ಕ್ಕೆ ಕೇರಳ ಹೈಕೋರ್ಟ್ ದಾರಿ ಬಿಡ್ಬೇಕು ಅಂತ ಹೇಳಿದ್ಮೇಲೂ ಆ ಹೆದರಿಕೆ ಜನರ ಮನಸಿಂದ ಇಳೀಲಿಲ್ಲ.

ಅಮ್ಮನನ್ನು ಮೊದ್ಲು ಒಪಿಗೆ ಮಾತ್ರ ಕರ್ಕೊಂಡು ಬನ್ನಿ, ಅಡ್ಮಿಟ್ ಮಾತೇ ಎತ್ಬೇಡಿ. ಅವತ್ತು ಎಂತ ಆಯ್ತು ಅಂತ ಅವ್ರೇ ಹೇಳ್ಲಿ, ನೀವು ಮಧ್ಯ ಬಾಯಿ ಹಾಕ್ಬೇಡಿ. ಕನ್ನಡ ಗೊತ್ತಿರುವ ಸ್ಟಾಫ್ ಬೇಕು ಅಂತ ಕೇಳ್ಲಿಕ್ಕೆ ಸಂಕೋಚ ಬೇಡ. ವಾಟ್ಸಾಪ್ ನೋಡಿ ಮೂಗಿಗೆ ನಿಂಬೆರಸ ಬಿಡುವ ಪಂಡಿತರ ಹತ್ರ ಮಾತ್ರ ಕಳಿಸ್ಬೇಡಿ, ಹಾಗೆ ದಿನ ಕಳೆದು ಆಕ್ಸಿಜನ್ ಇಳಿದ್ಮೇಲೆ ಬಂದವ್ರನ್ನು ನಾನು ನೋಡಿದ್ದೇನೆ.

ಪ್ರಶ್ನೆ: ಸಿಟ್ಟಲ್ಲಿ ನರ್ಸಿಗೆ ಕೈ ಎತ್ತಿದ್ರೆ ಕೇಸಾ?
ಉತ್ತರ: ಹೌದು. ಸಾಂಕ್ರಾಮಿಕದ ಹೊತ್ತಲ್ಲಾದ್ರೆ ಸಾಂಕ್ರಾಮಿಕ ರೋಗಗಳ ಕಾಯ್ದೆಯ 2020ರ ತಿದ್ದುಪಡಿ ಪ್ರಕಾರ 3 ತಿಂಗಳಿಂದ 5 ವರ್ಷ ಜೈಲು, 50,000ದಿಂದ 2 ಲಕ್ಷ ದಂಡ.

ಪ್ರಶ್ನೆ: ಜ್ವರ ಇದ್ದದ್ದನ್ನು ಹೇಳ್ದೆ ಪೇಷೆಂಟ್ ನೋಡ್ಲಿಕ್ಕೆ ಹೋಗ್ಬಹುದಾ?
ಉತ್ತರ: ಬೇಡ. ಪಕ್ಕದ ಬೆಡ್ಡಲ್ಲಿ ಡಯಾಲಿಸಿಸ್‌ನವ್ರು ಇರ್ತಾರೆ.