ಪಾಯಿಂಟ್ ಪಟ್ಟಿ ಹಿಡಿದು ಬಂದ ಅಪ್ಪ

(ಗುರುತು ಸಿಗದಂತೆ ಹೆಸರು ಮತ್ತು ಕೆಲವು ವಿವರ ಬದಲಿಸಿದ್ದೇನೆ.)

ನೋವಾಗೆ 17 ವರ್ಷ. ಕೆನಡಾದ ಒಂಟಾರಿಯೊ ಹಾಕಿ ಲೀಗ್ ಅನ್ನುವ ಯುವಕರ ಐಸ್ ಹಾಕಿ ಲೀಗ್‌ನಲ್ಲಿ ಎಡ ವಿಂಗರ್, ಅಂದರೆ ಎಡಬದಿಯ ಫಾರ್ವರ್ಡ್. ಅಪ್ಪ ಅಮ್ಮ ಅವನನ್ನು ಕರೆತಂದದ್ದು ನಿದ್ದೆ ಬರಲ್ಲ ಅನ್ನೋ ಕಾರಣಕ್ಕೆ. ಆದರೆ ಕೂತ ಸ್ವಲ್ಪ ಹೊತ್ತಿಗೇ ಅಪ್ಪ ಫೋನ್ ತೆಗೆದು ಲೀಗ್‌ನ ಪಾಯಿಂಟ್ ಪಟ್ಟಿ ತೋರಿಸಿದರು (ಗೋಲಿಗೂ, ಗೋಲಿಗೆ ನೆರವಾದ ಪಾಸಿಗೂ ಒಂದೊಂದು ಪಾಯಿಂಟ್). "ಇವನು ಎನ್‌ಎಚ್‌ಎಲ್‌ಗೆ (ಅಲ್ಲಿನ ಅತಿ ದೊಡ್ಡ ವೃತ್ತಿಪರ ಲೀಗ್) ಹೋಗ್ತಾನಾ ಇಲ್ವಾ, ಅದೊಂದು ಗೊತ್ತಾದ್ರೆ ನಿದ್ದೆ ತಾನಾಗೇ ಬರುತ್ತೆ" ಅಂದರು. ಯಾರ ನಿದ್ದೆ ಅಂತ ನಾನು ಕೇಳಲಿಲ್ಲ.

ನನ್ನ ಕೆಲಸ ಇಂಥ ಹುಡುಗರಿಗೆ, ಮನೆಯವರಿಗೆ ಸಲಹೆ ಕೊಡುವುದು. ತಂಡಗಳಿಗಾಗಿ ಆಟಗಾರರನ್ನು ಹುಡುಕುವ ಸ್ಕೌಟ್ ನಾನಲ್ಲ. ಆದರೂ ಇಂಥ ಮನೆಯವರ ಜೊತೆ ಕೆಲಸ ಮಾಡಬೇಕಾದರೆ ಸ್ಕೌಟ್‌ಗಳು ಏನು ನೋಡ್ತಾರೆ ಅಂತ ಕಲಿಯಲೇಬೇಕು. ಹಾಗಾಗಿ ಪಟ್ಟಿಯನ್ನೇ ಮೊದಲು ಸರಿಯಾಗಿ ಓದೋಣ ಅಂದೆ.

ಅರ್ಧಕ್ಕಿಂತ ಜಾಸ್ತಿ ಪಾಯಿಂಟ್ ಪವರ್ ಪ್ಲೇಯಲ್ಲಿ ಬಂದಿದ್ದವು. ಅಂದರೆ ಎದುರಾಳಿಯ ಒಬ್ಬ ಪೆನಾಲ್ಟಿ ಬಾಕ್ಸ್‌ನಲ್ಲಿ ಕೂತಿರುವಾಗ. ಐದಕ್ಕೈದು ಜನ ಆಡುವಾಗ ಇವನ ಲೈನಿನ (ಒಟ್ಟಿಗೆ ಆಡಲು ಇಳಿಯುವ ಮೂವರು ಫಾರ್ವರ್ಡ್‌ಗಳ) ಸೆಂಟರ್ 19 ವರ್ಷದವನು, ಈಗಾಗಲೇ ಎನ್‌ಎಚ್‌ಎಲ್ ತಂಡವೊಂದು ಆರಿಸಿಕೊಂಡ ಹುಡುಗ. ಹಾಗಾದರೆ ಪಾಯಿಂಟ್‌ಗಳಲ್ಲಿ ಇವನ ಸ್ವಂತದ್ದೆಷ್ಟು ಅನ್ನುವ ಪ್ರಶ್ನೆ ಬರುತ್ತೆ; ಇದು ಸ್ವಲ್ಪ ತಣ್ಣೀರು ಎರಚುವ ವಿಷಯ. ಆದರೆ ಅದೇ ಪಟ್ಟಿಯಲ್ಲಿ ಒಳ್ಳೆಯ ಸುದ್ದಿಯೂ ಇತ್ತು. ಎನ್‌ಎಚ್‌ಎಲ್ ತಂಡಗಳು ಪ್ರತಿ ವರ್ಷ ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವುದಕ್ಕೆ ಡ್ರಾಫ್ಟ್ ಅಂತಾರೆ. ಡ್ರಾಫ್ಟ್ ವರ್ಷಕ್ಕೆ ವಯಸ್ಸಿನ ಗೆರೆ ಸೆಪ್ಟೆಂಬರ್ 15. ನೋವಾ ಹುಟ್ಟಿದ್ದು ಆ ಗೆರೆಗೆ ಸ್ವಲ್ಪವೇ ಮುಂಚೆ. ಅಪ್ಪ ದಿನಾ ಹೋಲಿಸಿ ನೋಡುತ್ತಿದ್ದ ಇನ್ನೊಬ್ಬ ಫಾರ್ವರ್ಡ್ ಹುಟ್ಟಿದ್ದು ಅದರ ಹಿಂದಿನ ವರ್ಷ ಆ ಗೆರೆ ದಾಟಿದ ಕೂಡಲೇ. ಒಂದೇ ಡ್ರಾಫ್ಟ್, ಆದರೆ ವಯಸ್ಸಿನಲ್ಲಿ ಹೆಚ್ಚುಕಡಿಮೆ ಒಂದು ವರ್ಷ ವ್ಯತ್ಯಾಸ. ಈ ವಯಸ್ಸಲ್ಲಿ ಒಂದು ವರ್ಷ ಅಂದರೆ ಭುಜದ ಅಗಲವೇ ಬೇರೆ. ಕೆನಡಾದ ಹಾಕಿಯಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದ ಹುಡುಗರೇ ಜಾಸ್ತಿ ಮುಂದೆ ಬರ್ತಾರೆ ಅಂತ ಸಂಶೋಧಕರು 1985ರಲ್ಲೇ ತೋರಿಸಿದ್ದರು. ಮಕ್ಕಳ ಹಾಕಿಯಲ್ಲಿ ವಯಸ್ಸಿನ ಗೆರೆ ಜನವರಿ 1. ದೊಡ್ಡವನಾಗಿ ಕಾಣುವವನಿಗೇ ಆಡುವ ಹೊತ್ತು ಜಾಸ್ತಿ ಸಿಗುತ್ತೆ, ಅಲ್ವಾ?

ಮುಂದಿನ ಭೇಟಿಗೆ ನೋವಾ ಒಬ್ಬನೇ ಬಂದ. ಅವನದೇ ಪಂದ್ಯಗಳ ವಿಡಿಯೊ ಹಾಕಿದೆವು. ಗೋಲುಗಳು ಬಂದಾಗ ಅವನಿಗೆ ಆಸಕ್ತಿಯೇ ಇರಲಿಲ್ಲ. ಮೊಣಕಾಲು ಕುಣಿಸುತ್ತಾ ಕೂತಿದ್ದ. "ಆ ಪಾಸ್ ಸಿಕ್ಕಿದ್ರೆ ಯಾರಾದ್ರೂ ಹಾಕ್ತಿದ್ರು" ಅಂದ. ಆಮೇಲೆ ಅಂಕಣದ ಸುತ್ತಲಿನ ಬೋರ್ಡ್ ಪಕ್ಕದಲ್ಲಿ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಕಳೆದುಕೊಂಡ ಒಂದು ತುಣುಕು ಬಂತು. ತಾನೇ ನಿಲ್ಲಿಸಿ ಹಿಂದೆ ಓಡಿಸಿದ. "ನೋಡಿ, ಪಕ್ ಬರೋ ಮುಂಚೆ ನಾನು ಭುಜದ ಮೇಲಿಂದ ಹಿಂದೆ ನೋಡೇ ಇಲ್ಲ. ನೋಡಿದ್ದಿದ್ರೆ ಮಧ್ಯಕ್ಕೆ ತಳ್ಳಬಹುದಿತ್ತು." ಮೊಣಕಾಲು ನಿಂತಿತ್ತು.

ನನ್ನ ಮಟ್ಟಿಗೆ ಅವನ ಕಡತದಲ್ಲಿ ಬರೆದುಕೊಳ್ಳುವಂಥ ಮಾತು ಅದು. ಮೇಲಿನ ಹಂತಕ್ಕೆ ಹೋದಂತೆ ಪಕ್ ಹಿಡಿದುಕೊಂಡು ಯೋಚಿಸಲು ಸಮಯ ಸಿಗಲ್ಲ. ಕೆಳಗೆ ಗೋಲು ತಂದುಕೊಟ್ಟ ಎಷ್ಟೋ ಚಳಕ ಅಲ್ಲಿ ನಡೆಯಲ್ಲ. ಜೊತೆಗೆ ಬರುವುದು ಸ್ಕೇಟಿಂಗ್, ಪಕ್ ಬರುವ ಮುಂಚೆಯೇ ಸುತ್ತ ನೋಡಿಕೊಳ್ಳುವ ಅಭ್ಯಾಸ, ಪಕ್ ಇಲ್ಲದಾಗ ಮಾಡುವ ಕೆಲಸ. ನೋವಾನ ಮೊದಲ ಮೂರು ಹೆಜ್ಜೆ ನಿಧಾನ ಅಂತ ಕೋಚ್ ಹೇಳಿದ್ದರು. ಅದು ನಿಜ, ಸುಮ್ನೆ ಮುಚ್ಚಿಡುವುದರಲ್ಲಿ ಅರ್ಥ ಇಲ್ಲ.

ಅಪ್ಪ ಮಾರ್ಟಿನ್ ಸೇಂಟ್ ಲೂಯಿ ಹೆಸರೆತ್ತಿದರು. ಡ್ರಾಫ್ಟ್‌ನಲ್ಲಿ ಯಾರಿಗೂ ಬೇಡವಾಗಿದ್ದ ಕುಳ್ಳ ಆಟಗಾರ, 2004ರಲ್ಲಿ ಸ್ಟ್ಯಾನ್ಲಿ ಕಪ್ ಗೆದ್ದ, ಅದೇ ವರ್ಷ ಲೀಗ್‌ನ ಅತ್ಯುತ್ತಮ ಆಟಗಾರನೂ ಆದ. ನಿಜವೇ. 1993ರಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದ ಅಲೆಕ್ಸಾಂಡರ್ ಡೇಗ್ಲ್ ನಿರೀಕ್ಷೆಯ ಹತ್ತಿರಕ್ಕೂ ಬರಲಿಲ್ಲ, ಅದೂ ನಿಜ. 32 ತಂಡಗಳು ಏಳು ಸುತ್ತಿನಲ್ಲಿ 224 ಹುಡುಗರನ್ನು ಆರಿಸುತ್ತವೆ. ಅವರಲ್ಲೂ ಅನೇಕರು ಎನ್‌ಎಚ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡಲ್ಲ. ಆ ತಂಡಗಳ ಸ್ಕೌಟ್‌ಗಳೇ ಎಡವುವ ವಿಷಯದಲ್ಲಿ ಹೌದು ಇಲ್ಲ ಅನ್ನಲು ನನಗಾಗಲ್ಲ ಅಂದೆ.

ಸಲಹೆ ಇಷ್ಟು ಕೊಟ್ಟೆ. ಪಂದ್ಯ ಮುಗಿದು ಕಾರಿನಲ್ಲಿ ಮನೆಗೆ ಹೋಗುವಾಗ ಅವನೇ ಶುರು ಮಾಡದೆ ಹಾಕಿ ಮಾತು ಬೇಡ. ನೋವಾಗೆ ಅತಿ ಭಯ ಇದ್ದದ್ದು ಆ ಪ್ರಯಾಣದ್ದೇ. ಅಮ್ಮನ ಚಿಂತೆ ಓದಿನದು. ಈ ಲೀಗ್‌ನಲ್ಲಿ ಆಡಿದವರಿಗೆ ಅಮೆರಿಕದ ಕಾಲೇಜು ಹಾಕಿಯ ಬಾಗಿಲು ಹಿಂದೆ ಮುಚ್ಚಿಹೋಗುತ್ತಿತ್ತು. 2025ರ ಆಗಸ್ಟ್‌ನಿಂದ ಆ ನಿಯಮ ಬದಲಾಗಿದೆ. ಹಾಗಾಗಿ "ಓದೋ ಹಾಕಿಯೋ" ಅನ್ನೋ ಜಗಳ ಈ ವರ್ಷಕ್ಕೆ ಬೇಡವೇ ಬೇಡ. ಅಂಕಗಳನ್ನು ಮಾತ್ರ ಕೈಬಿಡಬಾರದು. ಲೀಗ್ ಕೊಡುವ ಸ್ಕಾಲರ್‌ಶಿಪ್ ಯಾವಾಗ ರದ್ದಾಗುತ್ತೆ ಅನ್ನುವುದನ್ನು, ಯಾವ ವೃತ್ತಿಪರ ಒಪ್ಪಂದಕ್ಕೂ ಸಹಿ ಹಾಕುವ ಮುಂಚೆ, ತಿಳಿದವರಿಂದ ಓದಿಸಿಕೊಳ್ಳಿ ಅಂದೆ.

ನೋವಾಗೆ ಒಂದೇ ಕೆಲಸ. ಅಪ್ಪನ ಮೂಲಕ ಅಲ್ಲ, ತಾನೇ ಹೋಗಿ ಕೋಚ್ ಹತ್ತಿರ ಕೇಳಬೇಕು: ಪವರ್ ಪ್ಲೇ ಬಿಟ್ಟರೆ ನಾನು ಯಾವ ಕೆಲಸಕ್ಕೆ ಬೇಕು? ಕೇಳಲು ಒಂದು ವಾರ ಒದ್ದಾಡಿದ. ಈಗ ಅವನನ್ನು ಪೆನಾಲ್ಟಿ ಕಿಲ್ ಅಭ್ಯಾಸಕ್ಕೆ ಹಾಕಿದ್ದಾರೆ, ಅಂದರೆ ಪೆನಾಲ್ಟಿಯಿಂದ ತಮ್ಮ ತಂಡದಲ್ಲಿ ಒಬ್ಬ ಕಡಿಮೆ ಇರುವಾಗ ಗೋಲು ತಡೆಯುವ ಕೆಲಸ. ಅದು ಪಾಯಿಂಟ್ ಬರುವ ಜಾಗ ಅಲ್ಲ. ಅಪ್ಪನಿಗೆ ಇನ್ನೂ ಅಷ್ಟಾಗಿ ಹಿಡಿಸಿಲ್ಲ.