ಕೈ ತಂದರೆ ಸ್ಟೇಷನ್ ಜಾರುವುದು ಯಾಕೆ

ತೀರ್ಥಹಳ್ಳಿಯಿಂದ ಕೇಳಿದ್ದೀರಿ: ಒಂದೇ ಟ್ರಾನ್ಸಿಸ್ಟರಿನ ಎಫ್‌ಎಂ ಟ್ರಾನ್ಸ್‌ಮಿಟರ್ ಹತ್ತಿರ ಕೈ ತಂದರೆ ಸ್ಟೇಷನ್ ಜಾರುತ್ತದೆ, ಯಾಕೆ ಅಂತ. ಟ್ರಾನ್ಸಿಸ್ಟರನ್ನು ಸುಮ್ನೆ ಬೈಬೇಡಿ ಸರ್. ಫ್ರೀಕ್ವೆನ್ಸಿ ನಿರ್ಧರಿಸುವುದು ಮುಖ್ಯವಾಗಿ ಕಾಯಿಲ್ (ತಂತಿಯ ಸುರುಳಿ) ಮತ್ತು ಟ್ರಿಮ್ಮರ್ (ತಿರುಗಿಸಿ ಹೊಂದಿಸುವ ಪುಟ್ಟ ಕೆಪಾಸಿಟರ್). 100 ಮೆಗಾಹರ್ಟ್ಸ್ ಹತ್ತಿರ ಕೆಪಾಸಿಟನ್ಸ್ (ವಿದ್ಯುತ್ ಚಾರ್ಜ್ ಹಿಡಿದಿಡುವ ಗುಣ) ಬರೀ ಅರ್ಧ ಪಿಕೋಫ್ಯಾರಡ್ ಜಾಸ್ತಿಯಾದರೂ ಸ್ಟೇಷನ್ ಓಡಿಹೋಗುತ್ತದೆ, ನಿಮ್ಮ ಕೈ ಅಷ್ಟನ್ನು ಆರಾಮವಾಗಿ ಸೇರಿಸುತ್ತದೆ. ಬೆಸುಗೆ ಇಲ್ಲದೆ ಭಾಗಗಳನ್ನು ಚುಚ್ಚಿ ಜೋಡಿಸುವ ಬ್ರೆಡ್‌ಬೋರ್ಡ್ ಮೊದಲು ಬಿಡಿ. ಅದರ ಸಾಲುಗಳ ನಡುವೆಯೇ ಒಂದೆರಡು ಪಿಕೋಫ್ಯಾರಡ್ ಇರುತ್ತದೆ, ಮೇಲಿಂದ ನಮ್ಮ ಮಳೆಗಾಲದ ತೇವ ಬೇರೆ! ತಾಮ್ರದ ಬೋರ್ಡಿನ ಮೇಲೆ ಬಿಡಿಭಾಗಗಳ ತಂತಿ ಕಾಲುಗಳನ್ನು ಗಿಡ್ಡ ಮಾಡಿ ಬೆಸುಗೆ ಹಾಕಿ. ಕಾಯಿಲ್ ಅಲುಗದಂತೆ ಮೇಣ ಸುರಿಯಿರಿ. ಎಲ್ಲವನ್ನೂ ತಗಡಿನ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಬ್ಯಾಟರಿಯ ಮೈನಸ್‌ಗೆ ಕಟ್ಟಿ.

ಅಡಿಕೆ ತೋಟದ ತುದಿವರೆಗೂ ಕೇಳಿಸಬೇಕು ಅಂದಿರಲ್ಲ, ಅದು ಬೇಡ. ಲೈಸೆನ್ಸ್ ಇಲ್ಲದೆ ಎಫ್‌ಎಂ ಪ್ರಸಾರ ಮಾಡುವುದು ಕಾನೂನಿಗೆ ವಿರುದ್ಧ. ಭದ್ರಾವತಿ ಆಕಾಶವಾಣಿ ಕೇಳುವ ಪಕ್ಕದ ಮನೆಯವರಿಗೂ ತೊಂದರೆ ಆಗಬಹುದು. ದೂರ ಮಾತಾಡುವ ಆಸೆ ಇದ್ದರೆ ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸಿನ ಪರೀಕ್ಷೆ ಕಟ್ಟಿ.